ಬಾಗಿಲಲ್ಲೇ ನಿಂತ ಹಳದಿ ಬಣ್ಣ

ಬೆಳಗಿನ ಐದೂಮುಕ್ಕಾಲು. ಬೀದರ್‌ನಿಂದ ಭಾಲ್ಕಿಗೆ ಹೋಗುವ ರಸ್ತೆಯ ತಿರುವೊಂದರಲ್ಲಿ ಇಲಾಖೆಯ ಟೆಂಪೊ ಅಂಚಿಗೆ ಸರಿದು ನಿಂತಿದೆ. ಎರಡು ಟ್ರಾಲಿ ಕಬ್ಬು ಎಳೆಯುತ್ತಿರುವ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಎದುರಿನಿಂದ ಬರುತ್ತದೆ. ಅದು ದಾಟಿದ ರಭಸಕ್ಕೆ ರಸ್ತೆಯ ಮೇಲಿಟ್ಟ ಕೋನ್‌ಗಳು ವಾಲಾಡಿ ಮತ್ತೆ ನೆಟ್ಟಗಾಗುತ್ತವೆ. ಚಳಿಗೆ ಸೆರಗನ್ನು ಕಿವಿಯ ಮೇಲೆ ಬಿಗಿದುಕೊಂಡ ಮನಿಷಾ ಅದನ್ನು ನೋಡುತ್ತಿಲ್ಲ. ಅವರ ಕಣ್ಣು ಕಂಬದ ಮೇಲಿದೆ. ಅಲ್ಲಿ ಬಣ್ಣ ಹಾರಿದ ಹಳೆಯ ತಿರುವಿನ ಫಲಕವಿದೆ. ಟೆಂಪೊ ಚಾಲಕ ಕೈಲಾಶ ಅದರ ಬೋಲ್ಟಿಗೆ ಪಾನಾ ಹಾಕಿಯಾಗಿದೆ.

"ನಿಂದರ್ರಿ. ಹೊಸಾದು ಏರೂ ತನಕ ಹಳೇದಕ್ಕ ಕೈ ಹಚ್ಚಬ್ಯಾಡ್ರಿ" ಎನ್ನುತ್ತಾರೆ ಮನಿಷಾ.

"ಹತ್ತು ನಿಮಿಷದ ಕೆಲಸರಿ ಮೇಡಂ."

"ಹತ್ತು ನಿಮಿಷಾನೂ ಖಾಲಿ ಇರಬಾರ್ದು."

ಕೈಲಾಶ ಪಾನಾ ಕೆಳಗಿಳಿಸುತ್ತಾರೆ. ಪಕ್ಕದಲ್ಲೇ ಇನ್ನೊಂದು ಕಂಬ ನಿಲ್ಲಿಸಿ, ಅದಕ್ಕೆ ಹೊಸ ಫಲಕ ಕಟ್ಟಿ, ಮನಿಷಾ ನೂರು ಹೆಜ್ಜೆ ಹಿಂದೆ ಹೋಗಿ ನೋಡಿ, ಕೈ ಎತ್ತಿದ ಮೇಲೆಯೇ ಹಳೆಯದು ಕೆಳಗಿಳಿಯುತ್ತದೆ. ಅದನ್ನು ಅವರು ಗುಜರಿಗೆ ಎಸೆಯುವುದಿಲ್ಲ. ಬೆನ್ನು ಸವರಿ, ಮೂಲೆ ಬಾಗಿಸಿ ನೋಡಿ, ಸೀಮೆಸುಣ್ಣದಿಂದ ಒಂದು ಗುರುತು ಹಾಕುತ್ತಾರೆ. ಅಂದರೆ ತಗಡು ಗಟ್ಟಿಯಿದೆ, ಇನ್ನೊಮ್ಮೆ ರಸ್ತೆಗೆ ಬರುತ್ತದೆ.

ನಲವತ್ತಾರು ವರ್ಷದ ಮನಿಷಾ ಬೀದರ್‌ನ ರಸ್ತೆ ಕಚೇರಿಯೊಂದರ ಸ್ಟೋರ್‌ಕೀಪರ್. ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಈ ಕಚೇರಿಯ ರಸ್ತೆಗಳಿಗೆ ಬೇಕಾದ ಫಲಕ, ಕೋನ್, ಬಣ್ಣ, ಬ್ಯಾರಿಕೇಡ್ ಎಲ್ಲವೂ ಅವರ ಉಗ್ರಾಣದ ಬಾಗಿಲಿನಿಂದಲೇ ಒಳಗೆ ಬಂದು ಹೊರಗೆ ಹೋಗಬೇಕು. ಒಟ್ಟು ಸಾವಿರದ ನೂರಾ ನಲವತ್ತು ಫಲಕ. ವರ್ಷಕ್ಕೆ ನೂರೈವತ್ತರಿಂದ ನೂರೆಂಬತ್ತು ಹಾಳಾಗುತ್ತವೆ. ಮೊದಲೆಲ್ಲ ಅವು ಹಿತ್ತಿಲಲ್ಲಿ ಬಿದ್ದು, ಮೇಲೆ ಬಳ್ಳಿ ಹಬ್ಬಿ, ಕಡೆಗೊಂದು ದಿನ ಗುಜರಿ ಲಾರಿ ಹತ್ತುತ್ತಿದ್ದವು. ಈ ವರ್ಷ ನೂರಾ ಹದಿನೆಂಟು ತಗಡುಗಳು ಮೇಲಂಟಿಸಿದ್ದ ಹಳೆಯ ಹೊಳೆಯುವ ಹಾಳೆ ಕಿತ್ತು, ಉಜ್ಜಿ, ಹೊಸ ಹಾಳೆ ಅಂಟಿಸಿಕೊಂಡು ಮತ್ತೆ ಕಂಬ ಏರಿವೆ. ಕೋನ್‌ಗಳ ಬುಡ ಹಳೆಯ ಟೈರಿನ ರಬ್ಬರಿನದು. ಒಡೆದರೆ ಕೊಟ್ಟವರೇ ವಾಪಸು ಒಯ್ಯಬೇಕು. ಬಣ್ಣದಲ್ಲಿ ಸೀಸ ಇರಕೂಡದು. ಇದ್ಯಾವುದೂ ಮೇಲಿನಿಂದ ಬಂದ ಆದೇಶವಲ್ಲ. ಖರೀದಿಯ ಷರತ್ತುಗಳಲ್ಲಿ ಇವನ್ನು ಸೇರಿಸಿ ಎಂದು ಮನಿಷಾ ನಾಲ್ಕು ವರ್ಷ ಅರ್ಜಿ ಬರೆದರು. ಐದನೇ ವರ್ಷ, ಯಾರಿಗೆ ಬೇಸರ ಬಂತೋ, ಸೇರಿಸಿದರು.

"ಫಲಕದ ಸ್ಟೋರ್ ಅಂದ್ರ ಯಾರಿಗೂ ಬ್ಯಾಡಾದ ಜಾಗಾರಿ. ಶಿಕ್ಷಾ ಆದವ್ರನ್ನ ಇಲ್ಲಿ ಕಳಸ್ತಾರ. ನಾ ಮಾತ್ರ ಕೇಳಿ ಬಂದೀನಿ" ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಕೇಳಿ ಬಂದದ್ದಕ್ಕೆ ಕಾರಣ ಮನೆಯಲ್ಲಿದೆ. ಅವರ ತಂದೆ ಕಾಶೀರಾಮ ಇದೇ ರಸ್ತೆಗಳಲ್ಲಿ ಮೂವತ್ತೊಂದು ವರ್ಷ ಗ್ಯಾಂಗ್ ಕೂಲಿಯಾಗಿದ್ದವರು. ಕಿಲೋಮೀಟರ್ ಕಲ್ಲು, ಸೇತುವೆಯ ಕಟ್ಟೆ, ರಸ್ತೆಯ ಉಬ್ಬು, ಎಲ್ಲಕ್ಕೂ ಹಳದಿ ಬಳಿಯುವ ಕೆಲಸ ಅವರದು. ಹಳೆಯ ಬಣ್ಣವನ್ನು ತಂತಿ ಬ್ರಷ್‌ನಿಂದ ಕೆರೆಯಬೇಕು, ಆ ಪುಡಿ ಮೂಗಿಗೆ. ಹೊಸದನ್ನು ಕೋಲಿನಿಂದ ಕಲಸಬೇಕು, ಸಿಕ್ಕದಿದ್ದರೆ ಕೈಯಿಂದಲೇ. ಐವತ್ತು ದಾಟುವ ಹೊತ್ತಿಗೆ ಹೊಟ್ಟೆನೋವು ಬಂತು. ಆಮೇಲೆ ಬಲಗೈಯ ಮಣಿಕಟ್ಟು ಮೇಲೇಳದಾಯಿತು. ಹೈದರಾಬಾದಿನ ವೈದ್ಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಸೀಸ ತುಂಬಿದೆ ಎಂದರು.

"ಹಳದಿ ಭಾಳ ಚಂದ ಇರ್ತಿತ್ತು. ಹೊಟ್ಟಿ ಹಸದ್ರ ಅಂಗಿಗಿ ಕೈ ಒರಸ್ಕೊಂಡು ರೊಟ್ಟಿ ತಿಂತಿದ್ವಿ. ಆಗ ಯಾರಿಗಿ ಗೊತ್ತಿತ್ತವ್ವಾ" ಎನ್ನುತ್ತಾರೆ ಎಪ್ಪತ್ನಾಲ್ಕರ ಕಾಶೀರಾಮ. ಎಡಗೈಯಿಂದ ಬಲಗೈ ಹಿಡಿದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ಮಗಳು ಬೇರೆ ಕಡೆ ನೋಡುತ್ತಾರೆ.

ಇಷ್ಟು ತಿಳಿದುಕೊಂಡರೆ ಕಳೆದ ಮೇ ತಿಂಗಳಲ್ಲಿ ನಡೆದದ್ದು ಅರ್ಥವಾಗುತ್ತದೆ.

ಶಾಲೆ ಶುರುವಾಗಲು ಎರಡು ವಾರವಿತ್ತು. ಮುಂಗಾರು ಬೇಗ ಬರುತ್ತದೆಂದು ಸುದ್ದಿಯಿತ್ತು. ನೆಲ ಒದ್ದೆಯಾದರೆ ಬಣ್ಣ ಹಿಡಿಯುವುದಿಲ್ಲ. ಅಷ್ಟರೊಳಗೆ ಮೂರೂ ತಾಲ್ಲೂಕುಗಳ ಶಾಲೆಗಳ ಮುಂದಿನ ಉಬ್ಬುಗಳಿಗೆ ಹಳದಿ ಬಳಿಯಬೇಕು, ತಿರುವುಗಳ ಫಲಕ ಬದಲಾಯಿಸಬೇಕು. ಕೆಲಸ ಬೇಗ ಸಾಗಲೆಂದು ಮನಿಷಾ ಮೊದಲೇ ನಲವತ್ತೊಂದು ಹಳೆಯ ಫಲಕಗಳನ್ನು ಬಿಚ್ಚಿಸಿ ತಂದು, ತಗಡು ಉಜ್ಜಿಸಿ ಸಾಲಾಗಿ ಒರಗಿಸಿಟ್ಟಿದ್ದರು. ಬೆಳಕು ಬಿದ್ದರೆ ಹೊಳೆಯುವ ಹಾಳೆ, ಇಲ್ಲಿನವರ ಬಾಯಲ್ಲಿ ರೇಡಿಯಂ, ಬಂದ ಕೂಡಲೇ ಅಂಟಿಸಿದರೆ ಮೂರು ದಿನದಲ್ಲಿ ಎಲ್ಲ ವಾಪಸು ಕಂಬಕ್ಕೆ. ಲೆಕ್ಕ ಸರಿಯಾಗಿಯೇ ಇತ್ತು.

ಲಾರಿ ಬಂತು. ಅರವತ್ತೆರಡು ಡಬ್ಬಿ ಹಳದಿ ಬಣ್ಣ, ರೇಡಿಯಂ ಸುರುಳಿಗಳು, ಕೋನ್‌ಗಳು, ಎಲ್ಲ ಒಂದೇ ಗುತ್ತಿಗೆದಾರರ ಸರಕು. ಜೊತೆಗೆ ಬಣ್ಣದಲ್ಲಿ ಸೀಸವಿಲ್ಲವೆಂಬ ಪ್ರಯೋಗಾಲಯದ ಪ್ರಮಾಣಪತ್ರ. ಹಮಾಲರು ಇಳಿಸಲು ಕೈ ಹಾಕಿದರು. ಮನಿಷಾ ಲಾರಿಯ ಹಿಂಬದಿ ಹತ್ತಿ ಒಂದು ಡಬ್ಬಿಯ ಮೇಲಿನ ಚೀಟಿ ಓದಿದರು, ಮತ್ತೊಂದನ್ನು ಓದಿದರು. ಬಣ್ಣ ತಯಾರಾದದ್ದು ಏಪ್ರಿಲ್‌ನಲ್ಲಿ. ಪ್ರಮಾಣಪತ್ರದ ದಿನಾಂಕ ಫೆಬ್ರವರಿಯದು.

"ತಯಾರಾಗೂಕಿಂತ ಎರಡು ತಿಂಗಳ ಮೊದಲಽ ಪರೀಕ್ಷಾ ಹ್ಯಾಂಗ ಆಯ್ತರಿ?" ಎಂದು ಗುತ್ತಿಗೆದಾರರ ಮ್ಯಾನೇಜರ್‌ನನ್ನು ಕೇಳಿದರು.

ಆತ ಟೈಪಿಂಗ್ ತಪ್ಪು ಎಂದ. ಹೊಸ ಕಾಗದ ತರಿಸಿ ಕೊಡುತ್ತೇನೆ ಎಂದ. ಆಮೇಲೆ ದನಿ ತಗ್ಗಿಸಿ, "ಮೇಡಂ, ಇದು ಮನಿ ಗೋಡಿಗಿ ಹಚ್ಚೂದಲ್ಲ, ರಸ್ತೆಗಿ ಹಚ್ಚೂದು. ರಸ್ತಾ ಯಾರು ನೆಕ್ಕತಾರ?" ಎಂದ.

"ಹಚ್ಚೋರು ಅದೇ ಕೈಲೆ ರೊಟ್ಟಿ ತಿಂತಾರರಿ" ಎಂದರು ಮನಿಷಾ. ಒಂದು ಡಬ್ಬಿಯ ಮುಚ್ಚಳ ತೆಗೆಸಿ, ಮೂರು ಶೀಶೆಗಳಿಗೆ ಬಣ್ಣ ತುಂಬಿಸಿ ಅರಗು ಹಚ್ಚಿದರು. ಒಂದನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬರುವ ತನಕ ಬಣ್ಣ ಬಾಗಿಲಾಚೆ ಇರಲಿ, ಕೋನ್ ಮತ್ತು ರೇಡಿಯಂ ಮಾತ್ರ ಇಳಿಸಿ ಎಂದರು. ಮ್ಯಾನೇಜರ್ ಒಪ್ಪಲಿಲ್ಲ. ಇಳಿಸಿದರೆ ಎಲ್ಲ ಇಳಿಯಬೇಕು, ಇಲ್ಲದಿದ್ದರೆ ಏನೂ ಇಲ್ಲ. ಸಂಜೆಯಾಗುವಷ್ಟರಲ್ಲಿ ಲಾರಿ ತುಂಬಿದಂತೆಯೇ ಹೊರಟುಹೋಗಿ ಊರ ಹೊರಗಿನ ಗೋದಾಮಿನಲ್ಲಿ ನಿಂತಿತು.

ಮರುದಿನ ಕಚೇರಿಯ ಎಂಜಿನಿಯರ್ ಮನಿಷಾರನ್ನು ಕರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ್ದರು. "ಮಳಿ ಬಂತಂದ್ರ ಬಣ್ಣ ಹಿಡಿಯಂಗಿಲ್ಲ. ಸಾಲಿ ಸುರು ಆಗ್ತಾವ. ಒಂದು ಕಾಗದದ ಸಲುವಾಗಿ ಎಲ್ಲಾ ನಿಲ್ಲಸ್ತೀರೇನು?"

"ಕಾಗದದ ಸಲುವಾಗಿ ಅಲ್ಲರಿ ಸಾಹೇಬ್ರ. ಡಬ್ಬಿಯೊಳಗ ಇರೂದ್ರ ಸಲುವಾಗಿ."

"ಈ ನಡುವ ಎಲ್ಲೆರೆ ಅಪಘಾತ ಆದ್ರ ಜಿಮ್ಮೇದಾರಿ ಯಾರದು? ಬರದು ಕೊಡ್ತೀರಾ?"

ಮನಿಷಾ ಅಲ್ಲೇ ಕೂತು ಬರೆದುಕೊಟ್ಟರು. ಬರೆಯುವಾಗ ಅವರ ಮನಸ್ಸಿನಲ್ಲಿದ್ದದ್ದು ಬಣ್ಣ. ಬೋಳು ಕಂಬಗಳು ನೆನಪಾದದ್ದು ಮನೆಗೆ ಹೋಗುವ ದಾರಿಯಲ್ಲಿ. ಸ್ಕೂಟಿ ನಿಲ್ಲಿಸಿ ಎಂಜಿನಿಯರ್‌ಗೆ ಫೋನ್ ಮಾಡಿದರು. ಆ ಫಲಕಗಳಿಗೆ ಬೇರೆ ಕಡೆಯಿಂದ ರೇಡಿಯಂ ತರಿಸಬಹುದೇ ಎಂದರು. ಬೇರೆ ಖರೀದಿಗೆ ಮೇಲಿನ ಒಪ್ಪಿಗೆ ಬೇಕು, ಒಂದು ವಾರ ಹಿಡಿಯುತ್ತದೆ ಎಂದರು ಅವರು. ಆ ವಾರವಿಡೀ ಮನಿಷಾ ಎದ್ದ ಕೂಡಲೇ ಕಿಟಕಿ ತೆರೆದು ಮೋಡ ನೋಡುತ್ತಿದ್ದರು. ಶಾಲಾ ಶಿಕ್ಷಕರಾದ ಪತಿ ಧಮ್ಮಪಾಲ ಒಮ್ಮೆ ಕೇಳಿದರು: "ಸರಕಿನ ಕಾಗದಕ್ಕ ಸಹಿ ಮಾಡಿದ್ರ ಮುಗೀತದ ಅಲ್ಲ?" ಮನಿಷಾ ಹೌದು ಎಂದರು. ಧಮ್ಮಪಾಲ ಮತ್ತೆ ಆ ಮಾತು ಎತ್ತಲಿಲ್ಲ.

ಆರನೇ ದಿನ ಬೆಳಿಗ್ಗೆ ಔರಾದ್ ಕಡೆ ಜಡಿಮಳೆ ಸುರಿಯಿತು. ಸಂತಪುರದ ಹತ್ತಿರ ರಸ್ತೆ ಒಮ್ಮೆಲೇ ಎಡಕ್ಕೆ ಹೊರಳುತ್ತದೆ. ಊರವರಿಗೆ ಅದು ಗೊತ್ತು. ಆ ದಿನ ಟಂಟಂ ಆಟೊ ನಡೆಸುತ್ತಿದ್ದ ದಿಲೀಪ ಭಾಲ್ಕಿಯವ, ಆ ದಾರಿಗೆ ಹೊಸಬ. ತಿರುವು ಕಂಡಾಗ ತಡವಾಗಿತ್ತು. ಟಂಟಂ ರಸ್ತೆ ಬಿಟ್ಟು ತಗ್ಗಿಗೆ ಮಗುಚಿತು. ಒಳಗಿದ್ದ ಐವರಲ್ಲಿ ನಾಲ್ವರಿಗೆ ತರಚು ಗಾಯ. ಸಂತೆಗೆ ಹೊರಟಿದ್ದ ಸಂತಪುರದ ಸುಂದರಬಾಯಿಗೆ ಭುಜದ ಎಲುಬು ಮುರಿಯಿತು. ತಿರುವಿನ ಮುಂಚಿನ ಕಂಬ ಬೋಳಾಗಿತ್ತು. ಅದರ ಫಲಕ ಬೀದರ್‌ನ ಉಗ್ರಾಣದಲ್ಲಿ, ನಲವತ್ತೊಂದರಲ್ಲಿ ಒಂದಾಗಿ, ಗೋಡೆಗೆ ಒರಗಿ ನಿಂತಿತ್ತು.

ಮನಿಷಾಗೆ ಸುದ್ದಿ ತಂದವರು ಅಬ್ದುಲ ಖಾದರ. ಮೂವತ್ತು ವರ್ಷದಿಂದ ಫಲಕ ಬರೆಯುವ, ಅಂಟಿಸುವ, ನೆಡುವ ಹಿರಿಯ ಕೆಲಸಗಾರ. "ಬೇಟಿ, ಜೀವಕ್ಕ ಏನೂ ಆಗಿಲ್ಲ" ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದು ಹೇಳಿದರು. ಮನಿಷಾ ಎದ್ದು ಆ ಸಾಲಿನ ಹತ್ತಿರ ಹೋಗಿ ಒಂದೊಂದೇ ತಗಡು ತಿರುವಿ, ಬೆನ್ನ ಮೇಲಿನ ಸ್ಥಳದ ಹೆಸರು ಓದುತ್ತ ಹೋದರು. ಸಂತಪುರದ್ದು ಹದಿನೇಳನೆಯದು.

ಅಪಘಾತವಾದ ಮೂರನೇ ದಿನ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬರು ಉಗ್ರಾಣದ ಬಾಗಿಲಿಗೆ ಬಂದು ನಿಂತರು. ಸುಂದರಬಾಯಿಯ ಗಂಡ ಹಣಮಂತಪ್ಪ, ಕುರಿ ಸಾಕುವವರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಆ ತಿರುವಿನ ಬೋರ್ಡು ಯಾರು ಬಿಚ್ಚಿದ್ರು?"

ಅಬ್ದುಲ ಖಾದರ ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ಮನಿಷಾ ಹೇಳಿದರು: "ನಾನಽ ಬಿಚ್ಚಿಸೀನಿರಿ."

"ಯಾಕ?"

"ಹಳೇ ತಗಡು ಒಗಿಯೂದು ಬ್ಯಾಡ, ಅದಕ್ಕಽ ಹೊಸಾ ಹಾಳಿ ಹಚ್ಚಿ ಹಾಕೂನು ಅಂತ. ಹಾಳಿ ಬರೂದು ತಡಾ ಆಯ್ತರಿ. ನನ್ನದಽ ಗಲತಿ."

ಹಣಮಂತಪ್ಪ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡರು. "ತಗಡು ಉಳಸಲಾಕ ನನ್ನ ಹೆಂಡ್ತಿ ಎಲುಬು ಮುರದ್ರಿ" ಎಂದರು. ದನಿ ಏರಿಸಲಿಲ್ಲ. ತಂದ ಚಹಾ ಮುಟ್ಟದೆ ಹೊರಟುಹೋದರು.

"ಅವ್ರು ಬೈದಿದ್ರ ಛಲೋ ಇತ್ತರಿ" ಎನ್ನುತ್ತಾರೆ ಮನಿಷಾ. "ಬೈಯಲಿಲ್ಲ. ಆ ಒಂದು ಮಾತು ಅಂದು ಹೋದ್ರು."

ಅದೇ ಮಧ್ಯಾಹ್ನ ಮ್ಯಾನೇಜರ್ ಮತ್ತೆ ಬಂದ, ಈ ಸಲ ಎಂಜಿನಿಯರ್ ಜೊತೆಗೆ. ಬೇರೆ ಖರೀದಿಗೆ ಮೇಲಿನ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಲಾರಿ ಗೇಟಿನ ಹೊರಗೆ ನಿಂತಿತ್ತು. ಸರಕು ಒಪ್ಪಿಕೊಂಡ ಕಾಗದ ಮೇಜಿನ ಮೇಲಿತ್ತು. ಯಾರೂ ಒತ್ತಾಯ ಮಾಡಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಸಹಿ ಹಾಕಿದರೆ ಅರ್ಧ ಗಂಟೆಯಲ್ಲಿ ರೇಡಿಯಂ ಕೈಗೆ ಬರುತ್ತದೆ, ಮೂರು ದಿನದಲ್ಲಿ ನಲವತ್ತೊಂದೂ ಕಂಬಗಳು ತುಂಬುತ್ತವೆ. ಸಹಿ ಹಾಕಿದರೆ ಅರವತ್ತೆರಡು ಡಬ್ಬಿಗಳೂ ಒಳಗೆ ಬರುತ್ತವೆ. ಒಳಗೆ ಬಂದ ಬಣ್ಣವನ್ನು ಬಳಿಯಬೇಡಿ ಎನ್ನಲು ಸ್ಟೋರ್‌ಕೀಪರ್‌ಗೆ ಅಧಿಕಾರವಿಲ್ಲ. ಮನಿಷಾ ಪೆನ್ನು ತೆಗೆದುಕೊಂಡರು. ಕ್ಯಾಪ್ ಕೂಡ ತೆಗೆದರು. ಆ ಕ್ಷಣ ತಾನು ಸಹಿ ಹಾಕಿಬಿಡುತ್ತೇನೆ ಎಂದೇ ಅವರಿಗೆ ಅನಿಸಿತ್ತಂತೆ.

"ನಾಳೆ ಸಂಜಿ ತನಕ ಟೈಮ್ ಕೊಡ್ರಿ ಸಾಹೇಬ್ರ" ಎಂದರು. "ಬೋರ್ಡು ನಾ ಹಾಕಸ್ತೇನಿ."

"ರೇಡಿಯಂ ಎಲ್ಲಿಂದ ತರ್ತೀರಿ?"

"ಹಿತ್ತಲದಿಂದ."

ಎಂಜಿನಿಯರ್ ಮನಿಷಾ ಮುಖ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಕಾಗದವನ್ನು ಮಡಚಿ ತಮ್ಮ ಕಿಸೆಗೆ ಹಾಕಿಕೊಂಡರು.

ಹಿತ್ತಿಲಲ್ಲಿ ವರ್ಷಗಳಿಂದ ರಾಶಿ ಬಿದ್ದದ್ದು ಲಾರಿ ಗುದ್ದಿ ನಜ್ಜುಗುಜ್ಜಾದ ಫಲಕಗಳು. ಇನ್ನೊಮ್ಮೆ ಬಳಸಲಾಗದ ತಗಡುಗಳವು, ಆದರೆ ಕೆಲವುಗಳ ಮೇಲಿನ ಹಾಳೆ ಅಲ್ಲಲ್ಲಿ ಇನ್ನೂ ಹೊಳೆಯುತ್ತಿತ್ತು. ಮನಿಷಾ, ಅಬ್ದುಲ ಖಾದರ, ಕೈಲಾಶ ಮತ್ತು ಬಣ್ಣದ ಗ್ಯಾಂಗಿನ ಮುನ್ನಿಬೀ ಒಂದೊಂದನ್ನೇ ಎಳೆದು ತೊಳೆದರು. ಉಗ್ರಾಣದ ಬಾಗಿಲು, ಕಿಟಕಿ ಮುಚ್ಚಿ ಕತ್ತಲು ಮಾಡಿಕೊಂಡರು. ಅಬ್ದುಲ ಖಾದರ ಹಣೆಯ ಹತ್ತಿರ ಬ್ಯಾಟರಿ ಹಿಡಿದು ಹತ್ತು ಗಜದಿಂದ ಬೆಳಕು ಬಿಟ್ಟರು. ಹೊಳೆದ ಭಾಗಕ್ಕೆ ಮುನ್ನಿಬೀ ಗೆರೆ ಹಾಕಿದರು, ಹೊಳೆಯದ್ದನ್ನು ಬಿಟ್ಟರು. ಒಳಗೆ ಸೆಕೆಗೆ ಉಸಿರು ಕಟ್ಟುತ್ತಿತ್ತು. ಹೊಳೆದ ಭಾಗಗಳನ್ನು ತಗಡಿನ ಸಮೇತ ಕತ್ತರಿಸಿ, ಉಜ್ಜಿಟ್ಟ ಫಲಕಗಳ ಮೇಲೆ ಬಾಣದ ಆಕಾರದಲ್ಲಿ ರಿವೆಟ್ ಹೊಡೆದು ಕೂರಿಸಿದರು. ನೋಡಲು ಚಂದವಿರಲಿಲ್ಲ, ತೇಪೆ ಹಾಕಿದ ಕೌದಿಯ ಹಾಗಿತ್ತು. ಬಾಣ ಮಾತ್ರ ಕಾಣುತ್ತಿತ್ತು.

ಮರುದಿನ ಸಂಜೆಯ ಹೊತ್ತಿಗೆ ಇಪ್ಪತ್ಮೂರು ತಿರುವುಗಳಿಗೆ ಫಲಕ ಬಂತು, ಮೊದಲನೆಯದು ಸಂತಪುರಕ್ಕೆ. ಉಳಿದ ಹದಿನೆಂಟು ಕಡೆ ಹಳೆಯ ಕೋನ್ ಇಟ್ಟು, ಕಲ್ಲಿಗೆ ಸುಣ್ಣ ಬಳಿದರು. ಶಾಲೆಗಳ ಮುಂದಿನ ಉಬ್ಬುಗಳಿಗೆ ಉಗ್ರಾಣದಲ್ಲಿದ್ದ ಬಿಳಿ ಬಣ್ಣವನ್ನೇ ಹಚ್ಚಿದರು. ಮನ್ನಳ್ಳಿ ಶಾಲೆಯ ಮುಂದೆ ಕಡೆಯ ಗೆರೆ ಎಳೆಯುವಾಗ ಮೋಡ ತಲೆಯ ಮೇಲಿತ್ತು. ಮುನ್ನಿಬೀ ತಮ್ಮ ದುಪಟ್ಟಾದಿಂದ ನೆಲ ಒರೆಸುತ್ತ ಮುಂದೆ ಹೋದರೆ, ಹಿಂದೆ ಬ್ರಷ್ ಬರುತ್ತಿತ್ತು. ಬಣ್ಣ ಒಣಗಿದ ಅರ್ಧ ಗಂಟೆಗೆ ಮಳೆ ಬಂತು.

ಪ್ರಯೋಗಾಲಯದ ಉತ್ತರ ಬಂದದ್ದು ಅದಾಗಿ ಎರಡು ದಿನಕ್ಕೆ. ಬಣ್ಣದಲ್ಲಿ ಸೀಸವಿತ್ತು. ಮನೆಯ ಬಣ್ಣಕ್ಕೆ ಹಾಕಿರುವ ಮಿತಿಗಿಂತ ನೂರಾರು ಪಟ್ಟು. ಲಾರಿ ಹಿಂದಕ್ಕೆ ಹೋಯಿತು, ಗುತ್ತಿಗೆ ರದ್ದಾಯಿತು. ಉಗ್ರಾಣದಲ್ಲಿ ಯಾರೂ ಸಂಭ್ರಮಿಸಲಿಲ್ಲ. ಎಂಜಿನಿಯರ್ ಮಾತ್ರ ಖುದ್ದು ಬಂದು, ಆ ವರದಿಯ ಪ್ರತಿಯನ್ನು ಮನಿಷಾ ಕೈಗೆ ಕೊಟ್ಟು, ನಿಂತುಕೊಂಡೇ ಒಂದು ಲೋಟ ನೀರು ಕುಡಿದು ಹೋದರು.

ಸಂತಪುರದ ಅಪಘಾತದ ಬಗ್ಗೆ ಮನಿಷಾಗೆ ನೋಟಿಸು ಬಂತು. ಫಲಕ ಬಿಚ್ಚಿಸಿ ಬದಲಿ ವ್ಯವಸ್ಥೆ ಮಾಡದ್ದು ಏಕೆ ಎಂದು. ತನ್ನ ತಪ್ಪು ಎಂದೇ ಅವರು ಉತ್ತರ ಬರೆದಿದ್ದಾರೆ. ಬೇರೆಯವರ ಮೇಲೆ ಹಾಕಬಹುದಿತ್ತಲ್ಲ ಎಂದು ಸಹೋದ್ಯೋಗಿಗಳು ಹೇಳಿದರು. ಗುತ್ತಿಗೆದಾರನಿದ್ದ, ತಡವಾದ ಒಪ್ಪಿಗೆಯಿತ್ತು. "ಬಣ್ಣದ ವಿಷಯದಾಗ ನಾ ಸರಿ ಇದ್ದೆ. ಬೋರ್ಡಿನ ವಿಷಯದಾಗ ತಪ್ಪಿದ್ದೆ. ಎರಡೂ ಖರೇನರಿ. ಒಂದು ತೋರ್ಸಿ ಇನ್ನೊಂದು ಮುಚ್ಚಲಾಕ ಬರಂಗಿಲ್ಲ" ಎನ್ನುತ್ತಾರೆ. ನೋಟಿಸು ಇನ್ನೂ ಇತ್ಯರ್ಥವಾಗಿಲ್ಲ. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಈ ವರ್ಷ ಬಂದಿಲ್ಲ.

ಈಗ ಉಗ್ರಾಣದ ದಿನ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದೆ, ರಸ್ತೆಗೆ ಹೋಗುವ ದಿನವಾದರೆ ಐದಕ್ಕೆ. ಬಂದ ಪ್ರತಿ ಸರಕಿನಿಂದ ಒಂದು ಶೀಶೆ, ಒಂದು ತುಂಡು ಪರೀಕ್ಷೆಗೆ ಹೋಗುತ್ತದೆ. ಬಣ್ಣ, ಹಾಳೆ, ಕೋನ್ ಮೂರನ್ನೂ ಬೇರೆಬೇರೆಯಾಗಿ ತರಿಸುತ್ತಾರೆ, ಒಂದು ನಿಂತರೆ ಇನ್ನೊಂದು ನಿಲ್ಲದಿರಲೆಂದು. ಅಕ್ಟೋಬರ್‌ನಲ್ಲಿ ಸೀಸವಿಲ್ಲದ ಹಳದಿ ಬಂತು. ಮೊದಲ ದಿನ ಅಂಗೈಯೆಲ್ಲ ಹಳದಿ ಮಾಡಿಕೊಂಡ ಮುನ್ನಿಬೀ ಕೇಳಿದರು: "ಇನ್ನ ಕೈ ತೊಳೀಲಿಲ್ಲಂದ್ರ ನೀವು ಬೈಯಂಗಿಲ್ಲಲ್ಲರಿ?"

"ಬೈತೇನಿ" ಎಂದರು ಮನಿಷಾ. "ಹೋಗು, ಸಾಬೂನ ಹಚ್ಚಿ ತೊಳಿ."

ಕಳೆದ ತಿಂಗಳು ಸಂತಪುರದ ತೇಪೆ ಫಲಕ ಇಳಿಸಿ ಪಕ್ಕಾ ಫಲಕ ಹಾಕಲು ಅವರೇ ಹೋಗಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಹೊಲದ ಬದುವಿನಿಂದ ಕುರಿಗಳು ರಸ್ತೆಗೆ ಹತ್ತಿದವು. ಹಿಂದೆ ಹಣಮಂತಪ್ಪ. ಮನಿಷಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, "ಸುಂದರಬಾಯಿ ಅವ್ರು ಹ್ಯಾಂಗ ಅದಾರರಿ?" ಎಂದು ಕೇಳಿದರು.

"ಕೈ ಮ್ಯಾಲ ಎತ್ತಲಾಕ ಬರಂಗಿಲ್ಲ. ಉಳದದ್ದು ನಡದದ." ಅವರು ಫಲಕದ ಕಡೆ ಗಲ್ಲ ಎತ್ತಿದರು. "ಇದು ಹೊಸಾದೇನು?"

"ತಗಡು ಹಳೇದರಿ. ಹಾಳಿ ಹೊಸಾದು."

ಹಣಮಂತಪ್ಪ ಕುರಿಗಳನ್ನು ಅಲ್ಲೇ ಬಿಟ್ಟು, ವಾಹನಗಳು ಬರುವ ದಿಕ್ಕಿಗೆ ರಸ್ತೆಗುಂಟ ಹಿಂದಕ್ಕೆ ನಡೆದರು. ಬೇವಿನ ಮರದ ತನಕ ಹೋಗಿ ತಿರುಗಿ ನಿಂತರು. ಅಲ್ಲಿಂದ ಫಲಕ ನೋಡಿದರು. ವಾಪಸು ಬಂದು, "ಕಾಣಸ್ತದ" ಎಂದರು. ಕುರಿ ಹೊಡೆದುಕೊಂಡು ಹೊರಟರು.

"ಮಾಫ್ ಮಾಡ್ಯಾರೋ ಇಲ್ಲೋ ಗೊತ್ತಿಲ್ಲರಿ. ನಾ ಕೇಳಂಗೂ ಇಲ್ಲ" ಎನ್ನುತ್ತಾರೆ ಮನಿಷಾ. "ಅಷ್ಟು ದೂರ ನಡದು ಹೋಗಿ ನೋಡಿದ್ರಲ್ಲ, ಅಷ್ಟಽ ಸಾಕು ನನಗ."